ಕೋಯಿ ಕೊಳಕ್ಕೆ ಸೋಮವಾರ ಗುಂಡಿ ತೋಡಿಸುತ್ತಿದ್ದೇನೆ: ಪೈಪು, ಪಂಪು ಸರಿಯಾಗಿದೆಯಾ ನೋಡಿ ಹೇಳಿ

ಹಿತ್ತಿಲಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಲ್ಲಿ ಮಾವಿನ ಮರದ ಪಕ್ಕ ಒಂದಿಷ್ಟು ಜಾಗ ಖಾಲಿ ಇದೆ. ಅಲ್ಲಿ ಕೋಯಿ ಮೀನಿಗೆ (ಜಪಾನಿನ ಬಣ್ಣಬಣ್ಣದ ಸಾಕುಮೀನು) ಕೊಳ ಕಟ್ಟಿಸಬೇಕು ಅನ್ನೋದು ಎರಡು ವರ್ಷದ ಆಸೆ. 12 ಅಡಿ ಉದ್ದ, 8 ಅಡಿ ಅಗಲ, ನಾಲ್ಕೂವರೆ ಅಡಿ ಆಳ. ಕಾಂಕ್ರೀಟ್ ತೊಟ್ಟಿ. ಸೋಮವಾರ ಗುಂಡಿ ತೋಡುವವರು ಬರುತ್ತಾರೆ.

ಮೇಸ್ತ್ರಿ ಹೇಳುವ ಪ್ರಕಾರ ನೆಲದೊಳಗಿನ ನೀರಿನ ಸಂಪ್‌ಗೆ ಹಾಕುವ ಒಂದು ಎಚ್‌ಪಿ ಮೋಟರೇ ಸಾಕಂತೆ. ಒಂದಿಂಚಿನ ಪೈಪು ಎಳೆದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು ತಿರುಗಿಸಿದರೆ ಆಯಿತಂತೆ. ಫಿಲ್ಟರಿಗೆ ಒಂದು ಡ್ರಮ್ಮಿನಲ್ಲಿ ಜಲ್ಲಿ, ಮರಳು, ಇದ್ದಿಲು ತುಂಬಿ ಗೋಡೆ ಮೇಲೆ ಕೂರಿಸೋಣ ಅಂತ ಹೇಳುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಮೀನು ಸಾಕಿ ಅನುಭವ ಇರುವವರು ದಯವಿಟ್ಟು ಹೇಳಿ. ಒಂದು ಸಲ ಕಾಂಕ್ರೀಟ್ ಬಿದ್ದ ಮೇಲೆ ಬದಲಾಯಿಸೋದು ಕಷ್ಟ ಅಲ್ವಾ?

ಕೆರೆಏರಿ (ದಾವಣಗೆರೆ)

ಸೋಮವಾರದ ಕೆಲಸ ಒಂದು ವಾರ ಮುಂದಕ್ಕೆ ಹಾಕಿ. ಇದನ್ನು ನಿಜವಾಗಿಯೂ ಹೇಳುತ್ತಿದ್ದೇನೆ. ಕೊಳದ ಆಕಾರ ಆಮೇಲೆ ನೋಡೋಣ. ನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಎಲ್ಲಿಂದ ವಾಪಸ್ ಬರುತ್ತದೆ ಅನ್ನೋದನ್ನು ಮೊದಲು ಕಾಗದದ ಮೇಲೆ ಬರೆಯಿರಿ.

ನಮ್ಮ ಹಿರಿಯರು ಕೆರೆ ಕಟ್ಟುವಾಗ ಏರಿ ಹಾಕಿ ಮುಗಿಸಿ ಆಮೇಲೆ ತೂಬು ಕೊರೆಯುತ್ತಿರಲಿಲ್ಲ. ತೂಬಿನ ಕಲ್ಲು ಕೂರಿಸಿಯೇ ಅದರ ಮೇಲೆ ಏರಿ ಎಬ್ಬಿಸುತ್ತಿದ್ದರು. ಹೆಚ್ಚಾದ ನೀರು ಹೋಗುವುದಕ್ಕೆ ಕೋಡಿ ಇರುತ್ತಿತ್ತು. ಕೋಯಿ ಕೊಳಕ್ಕೂ ಇವೆರಡೂ ಬೇಕು. ತೂಬು ಅಂದರೆ ತಳದ ಡ್ರೇನು, ಕೋಡಿ ಅಂದರೆ ಮೇಲಿನ ಓವರ್‌ಫ್ಲೋ.

ನಿಮ್ಮ ಲೆಕ್ಕ ನೋಡೋಣ. 12 × 8 × 4.5 ಅಂದರೆ 432 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಹಾಗಾಗಿ ಸುಮಾರು 12,200 ಲೀಟರ್ ಆಗುತ್ತದೆ. ಇಷ್ಟೂ ನೀರು ಒಂದರಿಂದ ಎರಡು ಗಂಟೆಯೊಳಗೆ ಒಂದು ಸಲ ಫಿಲ್ಟರ್ ಹಾದು ಬರಬೇಕು. ಅಂದರೆ ಗಂಟೆಗೆ ಕನಿಷ್ಠ 6,000 ಲೀಟರ್, 8,000 ಆದರೆ ನೆಮ್ಮದಿ. ಅದೂ ಹಗಲು ರಾತ್ರಿ, 24 ಗಂಟೆ.

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಯಾಕೆ ಆಗಲ್ಲ ಅಂದರೆ, ಫಿಲ್ಟರ್ ಬರೀ ಕಸ ಸೋಸುವ ಜರಡಿಯಲ್ಲ. ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು. ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಅವಕ್ಕೆ ಉಸಿರು ಕಟ್ಟುತ್ತದೆ. ಸಂಜೆ ಮೋಟರು ಹಾಕಿದಾಗ ಡ್ರಮ್ಮಿನಲ್ಲಿ ಕೊಳೆತ ನೀರು ಹಾಗೇ ಕೊಳಕ್ಕೆ ಬರುತ್ತದೆ. ಮರಳು, ಜಲ್ಲಿ ಬೇಡವೇ ಬೇಡ. ಒಳಗೆ ಹೆಪ್ಪುಗಟ್ಟಿ ಕೂರುತ್ತದೆ, ತೊಳೆಯಲಿಕ್ಕೆ ಆಗೋದಿಲ್ಲ.

ಹಳೇಎಂಜಿನಿಯರ್ (ಹುಬ್ಬಳ್ಳಿ)

ಕೆರೆಏರಿಯವರ ಮಾತಿಗೆ ಪೈಪಿನ ವಿಷಯ ಸೇರಿಸುತ್ತೇನೆ. ನಾನು ಕೆಲಸ ಮಾಡಿದ್ದೇ ನೀರಿನ ಪೈಪುಗಳ ಜೊತೆ.

ಒಂದು ಎಚ್‌ಪಿ ಅಂದರೆ 746 ವ್ಯಾಟ್. ದಿನವಿಡೀ ಓಡಿಸಿದರೆ ಸುಮಾರು 18 ಯೂನಿಟ್. ಆ ಮೋಟರು ಇರೋದು ನೀರನ್ನು ಮೇಲಿನ ಟ್ಯಾಂಕಿಗೆ ತಳ್ಳಲಿಕ್ಕೆ. ನಿಮಗೆ ಎತ್ತರ ಬೇಡ, ಹರಿವು ಬೇಕು. ಕೊಳಕ್ಕೆ ಅಂತಲೇ ಮಾಡಿದ ಪಂಪು 80ರಿಂದ 100 ವ್ಯಾಟಿನಲ್ಲಿ ಆ ಕೆಲಸ ಮಾಡುತ್ತದೆ. ಆದರೆ ಒಂದು ಷರತ್ತು. ಪೈಪು ದಪ್ಪ ಇರಬೇಕು, ಎತ್ತುವ ಎತ್ತರ ಕಡಿಮೆ ಇರಬೇಕು.

ಪಂಪಿನ ಡಬ್ಬದ ಮೇಲೆ 10,000 ಲೀಟರ್, 4 ಮೀಟರ್ ಅಂತ ಬರೆದಿರುತ್ತದೆ. ಎರಡೂ ಒಟ್ಟಿಗೆ ಸಿಗುತ್ತದೆ ಅಂತ ತಿಳಿಯಬೇಡಿ. 10,000 ಸಿಗೋದು ಎತ್ತರ ಸೊನ್ನೆ ಇದ್ದಾಗ. 4 ಮೀಟರಿಗೆ ಹೋದಾಗ ಹರಿವೇ ಸೊನ್ನೆ. ನಡುವೆ ಎಷ್ಟು ಅಂತ ಅದರ ಜೊತೆ ಬರುವ ನಕ್ಷೆಯಲ್ಲಿ ಗೆರೆ ಎಳೆದಿರುತ್ತಾರೆ. ಆ ಗೆರೆ ತೋರಿಸದ ಪಂಪು ಕೊಳ್ಳಬೇಡಿ.

ಇನ್ನು ಘರ್ಷಣೆ. ಗಂಟೆಗೆ 8,000 ಲೀಟರ್ ನೀರು 63 ಮಿ.ಮೀ. ಪೈಪಿನಲ್ಲಿ 10 ಮೀಟರ್ ಹರಿದರೆ ಕಳೆದುಕೊಳ್ಳುವ ಒತ್ತಡ ಸುಮಾರು 14 ಸೆಂ.ಮೀ. ಎತ್ತರದಷ್ಟು. ಅದೇ ನೀರನ್ನು ನಿಮ್ಮ ಮೇಸ್ತ್ರಿ ಹೇಳುವ ಒಂದಿಂಚಿನ ಪೈಪಿನಲ್ಲಿ ತಳ್ಳಬೇಕಾದರೆ 4 ಮೀಟರಿಗಿಂತ ಜಾಸ್ತಿ. ಪೈಪಿನ ಅಗಲ ಅರ್ಧ ಆದರೆ ಘರ್ಷಣೆ ಎರಡು ಪಟ್ಟಲ್ಲ, ಹತ್ತಿರ ಹತ್ತಿರ 30 ಪಟ್ಟು. ಅಂದರೆ ಆ ಚಿಕ್ಕ ಪಂಪು ಆ ಪೈಪಿನಲ್ಲಿ ಬಿಸಿಯಾಗುತ್ತಾ ಕೂರುತ್ತದೆ, ನೀರು ಬೆರಳಷ್ಟು ಬರುತ್ತದೆ. ಪೈಪಿನಲ್ಲಿ ಒಂದು ಸಲ ಉಳಿಸಿದ ದುಡ್ಡನ್ನು ಕರೆಂಟ್ ಬಿಲ್ಲಿನಲ್ಲಿ ಪ್ರತಿ ತಿಂಗಳು ಕಟ್ಟುತ್ತೀರಿ.

ಎಲ್‌ಬೋ ಹಾಕುವ ಕಡೆಯೆಲ್ಲ ಎರಡು 45 ಡಿಗ್ರಿ ಬೆಂಡ್ ಹಾಕಿಸಿ. ಪ್ಲಂಬರ್ ಗೊಣಗುತ್ತಾರೆ, ಬಿಡಬೇಡಿ.

ಹಿತ್ತಿಲಮನೆ (ಮೈಸೂರು)

ಎಷ್ಟು ಧನ್ಯವಾದ ಹೇಳಲಿ. ಕೆಲಸ ಮುಂದಕ್ಕೆ ಹಾಕಿದೆ. ತಳದ ಡ್ರೇನಿಗೆ ಪೈಪು ಎಷ್ಟು ದಪ್ಪ? ಮತ್ತೆ ಫಿಲ್ಟರನ್ನು ನೆಲದೊಳಗೆ ಹೂಳಬೇಕು ಅಂತ ಒಂದು ಕಡೆ ಓದಿದೆ. ಅದು ಯಾಕೆ? ಗೋಡೆ ಮೇಲೆ ಇಟ್ಟರೆ ನೀರು ಧುಮುಕುವುದೂ ಚೆಂದ ಕಾಣುತ್ತದಲ್ಲ?

ಕೆರೆಏರಿ (ದಾವಣಗೆರೆ)

ಡ್ರೇನಿಗೆ 110 ಮಿ.ಮೀ. ಅದಕ್ಕಿಂತ ಚಿಕ್ಕದು ಬೇಡ. ದೊಡ್ಡದು ಹಾಕಿದರೆ ನೀರು ನಿಧಾನವಾಗಿ ಹರಿದು ಹೊಲಸೆಲ್ಲ ಪೈಪಿನಲ್ಲೇ ಕೂರುತ್ತದೆ. ಗಂಟೆಗೆ 8ರಿಂದ 12 ಸಾವಿರ ಲೀಟರಿಗೆ 110 ಸರಿಯಾಗಿ ಹೊಂದುತ್ತದೆ. ಎರಡು ಡ್ರೇನು ಇಟ್ಟರೆ ಒಂದೊಂದಕ್ಕೂ ಬೇರೆ ಬೇರೆ ಪೈಪು. ನಡುವೆ ಟೀ ಹಾಕಿ ಸೇರಿಸಿದರೆ ನೀರು ಸುಲಭದ ದಾರಿ ಹಿಡಿಯುತ್ತದೆ, ಇನ್ನೊಂದು ಸತ್ತಂತೆ ಬಿದ್ದಿರುತ್ತದೆ. ನಿಮ್ಮ ಅಳತೆಗೆ ಒಂದೇ ಸಾಕು, ನಟ್ಟ ನಡುವೆ. ತಳ ನಾಲ್ಕೂ ಕಡೆಯಿಂದ ಅದರ ಕಡೆಗೆ ಅಡಿಗೆ ಒಂದಿಂಚಿನಂತೆ ಇಳಿಜಾರು ಇರಲಿ.

ಫಿಲ್ಟರ್ ಯಾಕೆ ನೆಲದೊಳಗೆ ಅಂತ ಕೇಳಿದಿರಿ. ನಿಮ್ಮ ಮೇಸ್ತ್ರಿ ಮಟ್ಟ ನೋಡಲು ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಈ ಕಂಬಕ್ಕೂ ಆ ಕಂಬಕ್ಕೂ ಹಿಡಿಯುತ್ತಾರೆ ನೋಡಿ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೊಳ ಒಂದು ತುದಿ, ಫಿಲ್ಟರ್ ಕೋಣೆ ಇನ್ನೊಂದು ತುದಿ, 110ರ ಪೈಪೇ ಟ್ಯೂಬು. ಕೊನೆಯ ಕೋಣೆಯಿಂದ ಪಂಪು ನೀರೆತ್ತಿದಾಗ ಅಲ್ಲಿ ಮಟ್ಟ ಎರಡು ಮೂರು ಇಂಚು ಇಳಿಯುತ್ತದೆ. ಆ ಇಂಚುಗಳೇ ಕೊಳದ ತಳದಿಂದ ಹೊಲಸನ್ನು ಎಳೆದು ತರುತ್ತವೆ. ಹಾಗೆ ಬಂದ ಹೊಲಸು ಪಂಪಿನ ರೆಕ್ಕೆಗೆ ಸಿಕ್ಕಿ ಪುಡಿಯಾಗುವುದಿಲ್ಲ. ಇಡಿಯಾಗಿ ಮೊದಲ ಕೋಣೆಯಲ್ಲಿ ಕೂರುತ್ತದೆ, ವಾಲ್ವು ತೆಗೆದರೆ ಹೊರಗೆ ಹೋಗುತ್ತದೆ. ಪಂಪು ಕೊಳದೊಳಗೆ ಇದ್ದರೆ ಎಲ್ಲ ಅರೆದು ಮಜ್ಜಿಗೆಯ ಹಾಗೆ ಆಗುತ್ತದೆ, ಆಮೇಲೆ ಯಾವ ಫಿಲ್ಟರಿಗೂ ಸಿಕ್ಕುವುದಿಲ್ಲ.

ಇನ್ನೊಂದು ಅನುಕೂಲ, ಕರೆಂಟ್ ಹೋದರೆ ಎಲ್ಲ ಕಡೆ ಮಟ್ಟ ಒಂದಾಗಿ ನಿಂತುಬಿಡುತ್ತದೆ. ಒಂದು ಹನಿ ಹೊರಗೆ ಚೆಲ್ಲುವುದಿಲ್ಲ.

ಈಗ ನನ್ನ ಮನೆಯ ಕಥೆ. ತಳದ ಪೈಪಿಗೆ ನಮ್ಮ ಪ್ಲಂಬರ್ ರಬ್ಬರ್ ರಿಂಗಿನ ಚರಂಡಿ ಪೈಪು ಹಾಕಿದ್ದರು. ಕಾಂಕ್ರೀಟ್ ಬಿತ್ತು, ನೀರು ತುಂಬಿದೆ, ಮೀನು ಬಿಟ್ಟೆ. ಎರಡು ತಿಂಗಳಿಗೆ ನೀರು ದಿನಾ ಒಂದಿಂಚು ಇಳಿಯಲು ಶುರುವಾಯಿತು. ಬೇಸಿಗೆ, ಆವಿಯಾಗುತ್ತಿದೆ ಅಂದುಕೊಂಡೆ. ಆಮೇಲೆ ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಕೊಳದ ಪಕ್ಕದಲ್ಲೇ ಬಿಸಿಲಿಗೆ ಇಟ್ಟೆ, ಎರಡಕ್ಕೂ ಪೆನ್ಸಿಲಿನಲ್ಲಿ ಗೆರೆ ಹಾಕಿದೆ. ಮರುದಿನ ಬಕೆಟ್ಟಿನಲ್ಲಿ ಗೆರೆಯಿಂದ ಬರೀ ಒಂದು ಕಡ್ಡಿಪುಳ್ಳೆಯ ದಪ್ಪ ಇಳಿದಿತ್ತು, ಕೊಳದಲ್ಲಿ ಒಂದಿಂಚು. ಪಂಪು ನಿಲ್ಲಿಸಿದರೂ ಇಳಿಯುವುದು ನಿಲ್ಲಲಿಲ್ಲ. ಕೊನೆಗೆ ಮೀನುಗಳನ್ನು ಪ್ಲಾಸ್ಟಿಕ್ ತೊಟ್ಟಿಗೆ ಹಾಕಿ ತಳ ಒಡೆಸಿದೆ. ಚಪ್ಪಡಿ ಕೆಳಗಿನ ಜಾಯಿಂಟ್ ಬಿಟ್ಟಿತ್ತು. ಆ ಹದಿನೈದು ದಿನದಲ್ಲಿ ಎರಡು ಮೀನು ಹೋದವು. ಅದರಲ್ಲಿ ಒಂದು ನನ್ನ ಮಗಳು ಸಾಕಿದ ಬಿಳಿ ಮೈಗೆ ಕೆಂಪು ಮಚ್ಚೆಯ ಕೊಹಾಕು.

ಅದಕ್ಕೇ ಹೇಳುವುದು. ಕಾಂಕ್ರೀಟ್ ಕೆಳಗೆ ಹೋಗುವುದು 6 ಕೆಜಿ ಪ್ರೆಷರ್ ಪೈಪು, ಸಲ್ಯೂಷನ್ ಹಚ್ಚಿ ಕೂಡಿಸಿದ್ದು. ಚಪ್ಪಡಿ ಕೆಳಗೆ ಆದಷ್ಟು ಜಾಯಿಂಟೇ ಬೇಡ. ಕಾಂಕ್ರೀಟ್ ಹಾಕುವ ಮೊದಲು ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಆರಡಿ ಪೈಪು ನಿಲ್ಲಿಸಿ, ನೀರು ತುಂಬಿ 24 ಗಂಟೆ ಬಿಡಿ. ಗೆರೆ ಇಳಿಯಬಾರದು.

ತುಂಗಾತೀರ (ಶಿವಮೊಗ್ಗ)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ಕೊಳಕ್ಕೆ ತಳದ ಡ್ರೇನೇ ಇಲ್ಲ. ಎಂಟು ವರ್ಷದಿಂದ ಮೀನು ಚೆನ್ನಾಗಿವೆ. ತಳಕ್ಕೆ ತೂತು ಹಾಕೋದೇ ಅಪಾಯ ಅಂತ ನನ್ನ ಭಾವನೆ.

ಹಳೇಎಂಜಿನಿಯರ್ (ಹುಬ್ಬಳ್ಳಿ)

ಎಷ್ಟು ಮೀನು, ಎಷ್ಟು ಲೀಟರ್?

ತುಂಗಾತೀರ (ಶಿವಮೊಗ್ಗ)

ಸುಮಾರು 20,000 ಲೀಟರ್, ಐದು ಮೀನು. ತಾವರೆ ಗಿಡ ತುಂಬ ಇದೆ. ವಾರಕ್ಕೊಮ್ಮೆ ವ್ಯಾಕ್ಯೂಮ್ ಹಿಡಿದು ತಳ ಎಳೆಯುತ್ತೇನೆ.

ಹಳೇಎಂಜಿನಿಯರ್ (ಹುಬ್ಬಳ್ಳಿ)

ಹಾಗಾದರೆ ನಿಮ್ಮದು ಸರಿ. ಮೀನಿಗೆ 4,000 ಲೀಟರ್ ಇದೆ, ಗಿಡ ಇದೆ, ನಿಮ್ಮ ಕೈಯೇ ಡ್ರೇನು. 12,000 ಲೀಟರಿನಲ್ಲಿ ಹತ್ತು ಮೀನು ಸಾಕುವವರಿಗೆ ಆ ಲೆಕ್ಕ ನಡೆಯೋದಿಲ್ಲ. ಕೋಯಿ ಎರಡಡಿ ಬೆಳೆಯುವ ಮೀನು. ಅಂಗಡಿಯಲ್ಲಿ ಬೆರಳುದ್ದ ಇದ್ದಾಗ ಇದು ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ತೂತಿನ ಭಯ ನ್ಯಾಯವೇ. ಅದಕ್ಕೆ ಪೈಪು ಕಾಂಕ್ರೀಟ್ ದಾಟುವ ಕಡೆ ಪಡಲ್ ಫ್ಲಾಂಜ್ (ಪೈಪಿನ ಸುತ್ತ ಕೂರುವ ಅಗಲ ಬಳೆ) ಹಾಕಬೇಕು. ಪೈಪಿನ ನುಣುಪು ಮೈಗುಂಟ ನೀರು ನುಸುಳುವುದನ್ನು ಅದು ತಡೆಯುತ್ತದೆ.

ಅಡಿಕೆತೋಟ (ಶಿರಸಿ)

ಗೋಡೆ ಮೇಲಿನ ಡ್ರಮ್ಮಿನ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಹಾಗೇ ಇತ್ತು. ಪಂಪು ಕೊಳದ ತಳದಲ್ಲಿ, ಡ್ರಮ್ಮು ಮೇಲೆ. ಒಂದು ಮಳೆಗಾಲದ ರಾತ್ರಿ ಡ್ರಮ್ಮಿನಿಂದ ವಾಪಸ್ ಬರುವ ಬಾಯಿಗೆ ಎಲೆ ಅಡ್ಡ ಬಂದಿದೆ. ಪಂಪು ಪಾಪ ಅದರ ಕೆಲಸ ಮಾಡುತ್ತಲೇ ಇತ್ತು. ನೀರೆಲ್ಲ ಡ್ರಮ್ಮಿನ ಬಾಯಿಂದ ಉಕ್ಕಿ ತೋಟಕ್ಕೆ. ಬೆಳಿಗ್ಗೆ ಹಾಲು ಕರೆಯಲು ಎದ್ದವರು ನೋಡಿದಾಗ ಗೇಣು ನೀರಿನಲ್ಲಿ ಮೀನುಗಳು ಓರೆಯಾಗಿ ಮಲಗಿದ್ದವು. ಬೆನ್ನು ನೀರಿನ ಮೇಲೆ ಕಾಣುತ್ತಿತ್ತು. ಏಳರಲ್ಲಿ ಆರು ಉಳಿದವು, ಅದು ಪುಣ್ಯ.

ಈಗ ಪಂಪು ಕೊನೆಯ ಕೋಣೆಯಲ್ಲಿದೆ. ಅಲ್ಲೂ ತಳದಲ್ಲಿ ಇಟ್ಟಿಲ್ಲ. ಕಟ್ಟೆ ಕಟ್ಟಿ ನೀರಿನ ಮಟ್ಟದಿಂದ ಒಂದಡಿ ಕೆಳಗೆ ಕೂರಿಸಿದ್ದೇನೆ. ಎಲ್ಲಿ ಏನೇ ಒಡೆದರೂ ಒಂದಡಿ ಇಳಿದ ಮೇಲೆ ಪಂಪಿಗೆ ನೀರು ಸಿಗುವುದಿಲ್ಲ. ಫ್ಲೋಟ್ ಸ್ವಿಚ್ ಅದನ್ನು ಆರಿಸುತ್ತದೆ. ಕೊಳದಲ್ಲಿ ಮೂರೂವರೆ ಅಡಿ ಉಳಿಯುತ್ತದೆ. ಇಷ್ಟು ಮಾಡಲು ಹತ್ತು ಇಟ್ಟಿಗೆ ಸಾಕು.

ವಾಪಸ್ ಪೈಪಿನ ಬಾಯಿ ನೀರೊಳಗೆ ಇದ್ದರೆ, ಪಂಪು ಎತ್ತರದಲ್ಲಿರುವ ಯಾವುದಕ್ಕಾದರೂ ನೀರು ಕೊಡುತ್ತಿದ್ದರೆ, ಕರೆಂಟ್ ಹೋದಾಗ ನೀರು ಹಿಂದಕ್ಕೆ ಎಳೆಯುತ್ತದಾ ಅಂತ ನೋಡಿ. ನೀರಿನ ಮಟ್ಟದ ಮೇಲೆ ಪೈಪಿಗೆ ಒಂದು ಚಿಕ್ಕ ತೂತು ಇಟ್ಟರೆ ಗಾಳಿ ಹೊಕ್ಕು ಆ ಎಳೆತ ಕಡಿಯುತ್ತದೆ.

ಕೋಡಿ ಬಗ್ಗೆ: ನಮ್ಮಲ್ಲಿ ಮಳೆ ಹೊಡೆತ ಜೋರು, ನಿಮ್ಮಲ್ಲಿ ಅಷ್ಟಿಲ್ಲ. ಆದರೂ ಕೊಳದ ಅಂಚು ಅಂಗಳಕ್ಕಿಂತ ಅರ್ಧ ಅಡಿ ಮೇಲಿರಲಿ. ಅಂಗಳದ ನೀರು ಒಳಗೆ ಬರಬಾರದು. ಬರೀ ಮಳೆನೀರು ಸೇರಿ ಸೇರಿ ನೀರಿನ ಕ್ಷಾರ ಕಡಿಮೆಯಾದರೆ ಪಿಎಚ್ ಒಂದೇ ರಾತ್ರಿಗೆ ಕುಸಿಯುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾವೂ ಆ ಕ್ಷಾರವನ್ನು ತಿನ್ನುತ್ತಲೇ ಇರುತ್ತದೆ. ಅದನ್ನು ತುಂಬಿಕೊಡಲು ನಾನು ಚಿಪ್ಪಿನ ಚೀಲ ಒಂದು ಫಿಲ್ಟರಿನಲ್ಲಿ ನೇತುಹಾಕಿದ್ದೇನೆ, ಕರಾವಳಿಯಿಂದ ತಂದದ್ದು.

ಮಲ್ಲಿಗೆಬಳ್ಳಿ (ಬೆಂಗಳೂರು)

ಕರೆಂಟಿನ ಲೆಕ್ಕ ನಾನು ಕೊಡುತ್ತೇನೆ, ಯಾಕೆಂದರೆ ಮನೆಯಲ್ಲಿ ಬಿಲ್ಲು ನೋಡುವುದು ನಾನೇ. ಪಂಪು 90 ವ್ಯಾಟ್, ಗಾಳಿ ಪಂಪು 35 ವ್ಯಾಟ್. ಸೇರಿ ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಗೃಹಜ್ಯೋತಿ ಇರುವವರು ಗಮನಿಸಿ. ನಿಮ್ಮ ಪಾಲಿಗೆ ಉಚಿತವಾಗಿ ಬಂದಿರುವುದು ನಿಮ್ಮ ಹಳೆಯ ಸರಾಸರಿ ಮತ್ತು ಅದರ ಮೇಲೆ ಸ್ವಲ್ಪ. ಅದಕ್ಕಿಂತ ಜಾಸ್ತಿ ಆದದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

ಕರೆಂಟ್ ಹೋದಾಗ ಪಂಪಿಗಿಂತ ಗಾಳಿ ಮುಖ್ಯ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಏಪ್ರಿಲ್ ರಾತ್ರಿ ಕರೆಂಟ್ ಹೋದರೆ ಬೆಳಗಿನ ಜಾವ ಮೀನು ಬಾಯಿ ಮೇಲೆತ್ತಿ ಗುಟುಕು ಗುಟುಕು ಗಾಳಿ ಕುಡಿಯುತ್ತಿರುತ್ತವೆ. ಮನೆಯ ಇನ್ವರ್ಟರಿನಿಂದ ಗಾಳಿ ಪಂಪಿಗೆ ಮಾತ್ರ ಒಂದು ಲೈನು ಈಗಲೇ ಎಳೆಸಿ. ನೀರಿನ ಹತ್ತಿರದ ಎಲ್ಲ ಲೈನಿಗೂ ಕರೆಂಟ್ ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಇದರಲ್ಲಿ ಉಳಿತಾಯ ನೋಡಬೇಡಿ, ಮಕ್ಕಳು ಕೈ ಹಾಕುವ ಜಾಗ ಅದು.

ನಲ್ಲಿ ನೀರನ್ನು ನೇರ ಬಿಡಬೇಡಿ. ಕ್ಲೋರಿನ್ ಕಿವಿರು ಸುಡುತ್ತದೆ. 500 ಲೀಟರಿನ ಒಂದು ಟ್ಯಾಂಕು ಪಕ್ಕದಲ್ಲಿ ಇರಲಿ, ಒಂದು ದಿನ ಗಾಳಿ ಹೊಡೆಸಿ, ಅವಸರ ಇದ್ದರೆ ಹೈಪೋ (ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಹರಳು) ಹಾಕಿ, ಆಮೇಲೆ ಕೊಳಕ್ಕೆ. ಬೋರ್‌ವೆಲ್ ನೀರಾದರೂ ಹಾಗೇ ಮಾಡಿ, ಅದರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

2024ರ ಮಾರ್ಚಿನಲ್ಲಿ ನಮ್ಮ ಊರಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಅಂತ ಮಾಡಿದ್ದರು. ಆ ಬೇಸಿಗೆ ಕೊಳ ಇಟ್ಟುಕೊಂಡ ನನಗೆ ಮನಸ್ಸಿಗೆ ಕಷ್ಟವಾಗಿತ್ತು. ಆಗ ಮಾಡಿಸಿದ್ದೇ ಚಾವಣಿ ಮಳೆನೀರಿನ ಟ್ಯಾಂಕು. ಮತ್ತೆ ಫಿಲ್ಟರ್ ತೊಳೆದ ನೀರು ಒಂದು ಬಿಂದಿಗೆಯೂ ಚರಂಡಿಗೆ ಹೋಗುವುದಿಲ್ಲ. ವಾರಕ್ಕೆ ಸಾವಿರ ಲೀಟರ್ ಬಾಳೆಗೆ, ಕರಿಬೇವಿಗೆ, ಮಲ್ಲಿಗೆಗೆ. ನೈಟ್ರೇಟ್ ಇರುವ ನೀರು ಗಿಡಕ್ಕೆ ಗೊಬ್ಬರ. ಮೀನಿನ ಕಾಯಿಲೆಗೆ ಉಪ್ಪು ಹಾಕಿದ ವಾರ ಮಾತ್ರ ಗಿಡಕ್ಕೆ ಬಿಡಬೇಡಿ. ಹಿತ್ತಿಲಮನೆಯವರೇ, ಫ್ಲಶ್ ಪೈಪಿನ ಬಾಯಿ ಯಾವ ಗಿಡದ ಬುಡಕ್ಕೆ ಬರಬೇಕು ಅನ್ನೋದನ್ನೂ ಈಗಲೇ ಗುರುತು ಹಾಕಿ. ಫಿಲ್ಟರ್ ಕೋಣೆಗಳಿಗೆ ಜಾಲರಿ ಮುಚ್ಚಳ ಬೇಕು. ಕೊಳದಲ್ಲಿ ಸೊಳ್ಳೆ ಮರಿಯನ್ನು ಮೀನು ತಿನ್ನುತ್ತದೆ, ಕೋಣೆಯಲ್ಲಿ ತಿನ್ನುವವರು ಯಾರೂ ಇರುವುದಿಲ್ಲ.

ಹಿತ್ತಿಲಮನೆ (ಮೈಸೂರು)

ನಿಮ್ಮ ಮಾತುಗಳನ್ನೆಲ್ಲ ಓದಿ ಮೇಸ್ತ್ರಿ ಜೊತೆ ಕೂತು ಬರೆದ ನಕ್ಷೆ ಹೀಗಿದೆ. ನಡುವೆ ಒಂದು ಡ್ರೇನು, 110ರ ಪೈಪು, ಜಾಯಿಂಟಿಲ್ಲದೆ ನೇರ ಫಿಲ್ಟರ್ ಗುಂಡಿಗೆ. ಮೇಲೆ ತೇಲುವ ಮಾವಿನೆಲೆ ಎಳೆದುಕೊಳ್ಳಲು ಒಂದು ಸ್ಕಿಮ್ಮರ್, ಗಾಳಿ ಎಲೆ ತಳ್ಳುವ ಕಡೆ, ಅದಕ್ಕೆ ಬೇರೆ ಪೈಪು. ಮೊದಲ ಕೋಣೆ ಹೊಲಸು ಕೂರಲು, ಎರಡನೆಯದು ಬ್ರಷ್, ಮೂರನೆಯದು ಬ್ಯಾಕ್ಟೀರಿಯಾ ಬೆಳೆಯಲು ಜಪಾನಿ ಮ್ಯಾಟ್, ಕೊನೆಯದು ಪಂಪಿಗೆ, ಇಟ್ಟಿಗೆ ಕಟ್ಟೆ ಸಮೇತ. ಪ್ರತಿ ಕೋಣೆಯ ತಳಕ್ಕೂ ಒಂದು ವಾಲ್ವು. ಆದರೆ ವಾಪಸ್ ಬರುವ ಎರಡು ಪೈಪು ಎಲ್ಲಿ ಇಡಲಿ? ಮೇಸ್ತ್ರಿ ಎದುರು ಬದುರು ಅನ್ನುತ್ತಾರೆ.

ಕೆರೆಏರಿ (ದಾವಣಗೆರೆ)

ಎದುರು ಬದುರು ಮುಖ ಮಾಡಿದರೆ ಎರಡು ಹರಿವೂ ಗುದ್ದಾಡಿ ನೀರು ನಿಲ್ಲುತ್ತದೆ. ಎರಡೂ ಒಂದೇ ಸುತ್ತಿನಲ್ಲಿ ತಳ್ಳಬೇಕು. ಮೂಲೆಯಿಂದ ಮೂಲೆಗೆ ಓರೆಯಾಗಿ ಇಡಿ, ಬಾಯಿ ಗೋಡೆಗುಂಟ ತಿರುಗಿರಲಿ, ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ. ಚಹಾ ಲೋಟದಲ್ಲಿ ಚಮಚ ತಿರುಗಿಸಿ ಬಿಟ್ಟರೆ ಪುಡಿ ಅಂಚಿಗೆ ಹೋಗುವುದಿಲ್ಲ, ನಡುವೆ ಬಂದು ಗುಡ್ಡೆ ಕೂರುತ್ತದೆ. ನಿಮ್ಮ ಡ್ರೇನು ಇರುವುದೂ ನಡುವೆಯೇ ಅಲ್ವಾ? ಮೂಲೆಗಳನ್ನು ಮಾತ್ರ ದುಂಡಗೆ ಮಾಡಿಸಿ.

ಹಿತ್ತಿಲಮನೆ (ಮೈಸೂರು)

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ.

ಪೈಪಿನ ಪರೀಕ್ಷೆ ಮಾಡಿಸಿದೆ. ಮೊದಲ ದಿನ ಗೆರೆ ನಾಲ್ಕು ಬೆರಳು ಇಳಿದಿತ್ತು. ಸ್ಕಿಮ್ಮರ್ ಪೈಪಿನ ಒಂದು ಬೆಂಡಿನಲ್ಲಿ ಸಲ್ಯೂಷನ್ ಸರಿಯಾಗಿ ಹತ್ತಿರಲಿಲ್ಲ, ಅದರ ಸುತ್ತ ಮಣ್ಣು ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು. ಕತ್ತರಿಸಿ ಹೊಸದು ಹಾಕಿದೆವು. ಎರಡನೇ ಸಲ 24 ಗಂಟೆಗೂ ಗೆರೆ ಅಲ್ಲೇ ಇತ್ತು. ಆಮೇಲೆ ಕಾಂಕ್ರೀಟ್. ಸುಣ್ಣ ಬಿಡುತ್ತದೆ ಅಂತ ಮೂರು ಸಲ ತುಂಬಿ, ಒಂದೊಂದು ವಾರ ಬಿಟ್ಟು ಖಾಲಿ ಮಾಡಿದೆವು. ಪಿಎಚ್ ಇಳಿದ ಮೇಲೆ ನೀರು ನಿಲ್ಲಿಸಿದೆ.

ವಾಪಸ್ ಪೈಪುಗಳನ್ನು ಕೊನೆಗೆ ಕೂಡಿಸುವ ಮೊದಲು 20 ಲೀಟರಿನ ಬಕೆಟ್ ಹಿಡಿದೆ. ಒಂದೊಂದು ಬಾಯಿಯಲ್ಲೂ 18 ಸೆಕೆಂಡಿಗೆ ತುಂಬಿತು. ಅಂದರೆ ಒಂದರಿಂದ ಗಂಟೆಗೆ 4,000, ಎರಡೂ ಸೇರಿ 8,000 ಲೀಟರ್. ಪಂಪು 95 ವ್ಯಾಟ್. ಮೇಸ್ತ್ರಿ ತಾವೇ ಬಕೆಟ್ ಇಸಿದುಕೊಂಡು ಇನ್ನೊಂದು ಸಲ ಹಿಡಿದು ನೋಡಿದರು.

ನಿನ್ನೆ ಸಂಜೆ ಒಂದು ಹಿಡಿ ಒದ್ದೆ ಚಹಾ ಪುಡಿ ಮೂಲೆಯಲ್ಲಿ ಹಾಕಿದೆ. ಮೊದಲು ಗೋಡೆಗುಂಟ ಎರಡು ಸುತ್ತು ಹೋಯಿತು. ಆಮೇಲೆ ತಳಕ್ಕೆ ಇಳಿದು, ಕಪ್ಪು ಬಾಲದ ಹಾಗೆ ಬಾಗಿ, ನಿಧಾನವಾಗಿ ನಡುವಿನ ಡ್ರೇನಿನ ಮುಚ್ಚಳದ ಕೆಳಗೆ ನುಗ್ಗಿತು. ಫಿಲ್ಟರಿನ ಮೊದಲ ಕೋಣೆಯ ಹತ್ತಿರ ನನ್ನ ಹೆಂಡತಿ ಟಾರ್ಚ್ ಹಿಡಿದು ನಿಂತಿದ್ದಳು. "ಬಂತು, ಬಂತು" ಅಂತ ಅಲ್ಲಿಂದ ಕೂಗಿದಳು.

ಮೀನು ಇನ್ನೂ ತಂದಿಲ್ಲ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೇನೆ. ಇವತ್ತಿಗೆ 23 ದಿನ. ಅಮೋನಿಯಾ ಲೀಟರಿಗೆ 0.25 ಮಿಲಿಗ್ರಾಂಗೆ ಇಳಿದಿದೆ, ನೈಟ್ರೈಟ್ ಇನ್ನೂ 1ರ ಹತ್ತಿರ ಇದೆ. ಎಷ್ಟು ದಿನ ಕಾಯಲಿ?

ಅಡಿಕೆತೋಟ (ಶಿರಸಿ)

ಎರಡೂ ಸೊನ್ನೆ ಆಗಿ ಒಂದು ವಾರ ಸೊನ್ನೆಯಲ್ಲೇ ನಿಲ್ಲಬೇಕು. ಇನ್ನೂ ಎರಡು ಮೂರು ವಾರ ಬೇಕಾಗಬಹುದು. ಆಮೇಲೆ ಮೂರೇ ಮೂರು ಮೀನು ತನ್ನಿ.

ಕೆರೆಏರಿ (ದಾವಣಗೆರೆ)

ಅದರಲ್ಲಿ ಒಂದು ಕೊಹಾಕು ಇರಲಿ. ಬಂದ ದಿನ ಇಲ್ಲಿ ಫೋಟೋ ಹಾಕಿ, ಮಗಳಿಗೆ ತೋರಿಸಬೇಕು.